ವಿಮಾನಗಳು ಇಳಿಯದ ಮೂವತ್ತೈದು ನಿಮಿಷ

ಸೋಲ್, ಗುರುವಾರ, 14 ನವೆಂಬರ್ 2024

ಇಂದು ದಕ್ಷಿಣ ಕೊರಿಯಾದಲ್ಲಿ ಸುನುಂಗ್, ಅಂದರೆ ವಿಶ್ವವಿದ್ಯಾಲಯ ಪ್ರವೇಶಕ್ಕಾಗಿ ಇಡೀ ದೇಶ ಒಂದೇ ದಿನ ಬರೆಯುವ ಪರೀಕ್ಷೆ. ನಮ್ಮ ಶಾಲೆಯೂ ಪರೀಕ್ಷಾ ಕೇಂದ್ರವಾಗಿರುವುದರಿಂದ ನನಗೆ ರಜೆ. ನಿನ್ನೆ ಮಧ್ಯಾಹ್ನವೇ ಮಕ್ಕಳ ಕೈಬರಹದ ಇಂಗ್ಲಿಷ್ ಪಟಗಳನ್ನೆಲ್ಲ ಗೋಡೆಯಿಂದ ಬಿಡಿಸಿ, ಬಿಡಿಸಲಾಗದವುಗಳ ಮೇಲೆ ಬಿಳಿ ಹಾಳೆ ಅಂಟಿಸಿ, ಮೇಜುಗಳನ್ನು ಬರಿದು ಮಾಡಿ, ಧ್ವನಿವರ್ಧಕ ಪ್ರತಿ ಕೋಣೆಯಲ್ಲೂ ಒಂದೇ ಮಟ್ಟದಲ್ಲಿ ಕೇಳಿಸುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ್ದಾಯಿತು.

ಈ ಬಾರಿ ಅರ್ಜಿ ಹಾಕಿದವರು 5,22,670 ಮಂದಿ. ಅವರಲ್ಲಿ 1,61,784 ಮಂದಿ ಶಾಲೆ ಮುಗಿಸಿ ಮತ್ತೊಮ್ಮೆ ಅದೃಷ್ಟ ನೋಡುವವರು. ವೈದ್ಯಕೀಯ ಕಾಲೇಜುಗಳ ಸೀಟು ಹೆಚ್ಚಿಸಿದ್ದೇ ಇದಕ್ಕೆ ಕಾರಣವೆಂದು ಪತ್ರಿಕೆಗಳು ತಿಂಗಳುಗಳಿಂದ ಬರೆಯುತ್ತಿವೆ. ಬೆಳಿಗ್ಗೆ 8.10ಕ್ಕೆ ಗೇಟು ಮುಚ್ಚುವುದರೊಳಗೆ ತಡವಾದವರನ್ನು ಪೊಲೀಸರು ತಮ್ಮ ವಾಹನದಲ್ಲೇ ತಂದಿಳಿಸುವ ದೃಶ್ಯ ಟಿವಿಯಲ್ಲಿ ಪ್ರತಿ ವರ್ಷದಂತೆ ಈ ವರ್ಷವೂ ಬಂತು. ರಸ್ತೆಗಳು ತೆರವಾಗಿರಲೆಂದು ಕಚೇರಿಗಳು ತಡವಾಗಿ ತೆರೆದವು, ಷೇರುಪೇಟೆಯೂ ಹತ್ತು ಗಂಟೆಗೆ ಶುರುವಾಯಿತು. ಈ ದಿನ ಬಿದ್ದೇ ಬೀಳುತ್ತದೆಂದು ಇಲ್ಲಿಯ ಜನ ನಂಬುವ ಚಳಿ ಮಾತ್ರ ಈ ಸಲ ಕೈಕೊಟ್ಟಿತು.

ನಾನಿರುವ ಶಿನ್ವೋಲ್ ಬಡಾವಣೆ ಗಿಂಪೊ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ದಾರಿಯ ಕೆಳಗೇ ಇದೆ. ದಿನವಿಡೀ ಕಿಟಕಿ ಗಾಜು ನಡುಗುವ ಈ ಜಾಗದಲ್ಲಿ ಮಧ್ಯಾಹ್ನ 1.05ರಿಂದ 1.40ರವರೆಗೆ ಒಂದೂ ವಿಮಾನ ಹಾಯಲಿಲ್ಲ. ಇಂಗ್ಲಿಷ್ ಆಲಿಸುವ ಪರೀಕ್ಷೆಗಾಗಿ ದೇಶದಾದ್ಯಂತ ವಿಮಾನಗಳ ಏರಿಳಿತವನ್ನೇ ನಿಲ್ಲಿಸುತ್ತಾರೆ, ಆಗಲೇ ಹಾರುತ್ತಿರುವವು ಮೂರು ಕಿಲೋಮೀಟರಿಗಿಂತ ಮೇಲೆ ಸುತ್ತು ಹಾಕಿಕೊಂಡು ಕಾಯಬೇಕು. ಒಟ್ಟು 45 ಪ್ರಶ್ನೆಗಳಲ್ಲಿ 17 ಆಲಿಸಿ ಉತ್ತರಿಸುವಂಥವು, ಕೊನೆಯೆರಡನ್ನು ಬಿಟ್ಟು ಉಳಿದವೆಲ್ಲ ಒಂದೇ ಬಾರಿ ಕೇಳಿಸುತ್ತವೆ. ನಡುವೆ ಒಂದು ವಿಮಾನ ಗುಡುಗಿದರೆ ಯಾರದೋ ಒಂದು ವರ್ಷ ಹೋದಂತೆಯೇ.

ಇಷ್ಟೊಂದು ಏರ್ಪಾಡನ್ನು ಕಂಡು ಇಂಗ್ಲಿಷ್ ಮೇಷ್ಟ್ರಾಗಿ ನಾನು ಹಿಗ್ಗಬೇಕೇನೋ. ಆದರೆ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಧ್ವನಿಮುದ್ರಿತ ಸಂಭಾಷಣೆಯಲ್ಲಿ ಗ್ರಾಹಕ ಎಷ್ಟು ಹಣ ಕೊಡಬೇಕೆಂದು ಕ್ಷಣದಲ್ಲಿ ಗುರುತು ಹಾಕುವ ಹುಡುಗನೇ, ಊಟ ಆಯಿತೇ ಎಂದು ನಾನು ಕಾರಿಡಾರಿನಲ್ಲಿ ಕೇಳಿದರೆ ಗೆಳೆಯನ ಬೆನ್ನ ಹಿಂದೆ ಸರಿಯುತ್ತಾನೆ. ಭಾರತ–ಕೊರಿಯಾ ನಡುವೆ 2010ರಲ್ಲಿ ಜಾರಿಯಾದ ಆರ್ಥಿಕ ಒಪ್ಪಂದದ ದಾರಿಯಲ್ಲಿ ಬಂದ ನನ್ನಂಥ ಸಹಾಯಕ ಶಿಕ್ಷಕರಿಂದ ನಿರೀಕ್ಷಿಸುವುದು ಮಾತನಾಡಿಸುವುದನ್ನು. ಮನೆಯವರು ಹಣ ಸುರಿಯುವುದು ಗುರುತು ಹಾಕಿಸುವ ಟ್ಯೂಷನ್ನಿಗೆ. ತಪ್ಪು ಅವರದೆಂದು ನನಗೆ ಅನಿಸುವುದಿಲ್ಲ. 2017ರ ಪರೀಕ್ಷೆಯಿಂದ ಇಂಗ್ಲಿಷಿಗೆ ಪರಸ್ಪರ ಹೋಲಿಕೆಯ ಶ್ರೇಣಿ ಕೈಬಿಟ್ಟು, 90 ಅಂಕ ಮುಟ್ಟಿದವರಿಗೆಲ್ಲ ಮೊದಲ ಶ್ರೇಣಿ ಎಂದು ಮಾಡಿದಾಗ ಒತ್ತಡ ಇಳಿದೀತೆಂಬ ಆಸೆಯಿತ್ತು. ಮಾತಿಗೆ ಅಂಕವಿಲ್ಲದಿರುವಾಗ ತರಗತಿ ಮಾತಿನತ್ತ ತಿರುಗುವುದಾದರೂ ಏಕೆ?

ಸಂಜೆ ಪಕ್ಕದ ಮನೆಯ ತಾಯಿ ಮಗಳನ್ನು ಕರೆತಂದಾಗ ಬಾಗಿಲಲ್ಲೇ ಸಿಕ್ಕರು. ಎಲ್ಲರಿಗೂ ಕೇಂದ್ರದಲ್ಲೇ ಕೊಡುವ ಒಂದೇ ಬಗೆಯ ಮೆಕ್ಯಾನಿಕಲ್ ಪೆನ್ಸಿಲ್ ಅವಳ ಕೈಯಲ್ಲಿತ್ತು. ಹೇಗಾಯಿತೆಂದು ನಾನು ಕೇಳಲಿಲ್ಲ. ಅವಳಾಗಿಯೇ, ಆಲಿಸುವುದು ಸುಲಭವಿತ್ತು, ಓದುವ ಭಾಗ ಉದ್ದವಾಯಿತು ಎಂದಳು, ಕೊರಿಯನ್ ಭಾಷೆಯಲ್ಲಿ. ಫಲಿತಾಂಶ ಡಿಸೆಂಬರ್ 6ಕ್ಕೆ.