ಬೆಕ್ಕಿನ ಮೊಲೆ ಊದಿದಾಗ ಗಾತ್ರ ನೋಡಿ ಮೋಸಹೋಗಬೇಡಿ

ಬೆಕ್ಕಿನ ಹೊಟ್ಟೆ ಸವರುವಾಗ ಕೈಗೆ ಉಬ್ಬು ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅದರ ಗಾತ್ರದ ಮೇಲೆ. ದೊಡ್ಡದಿದ್ದರೆ ಗಾಬರಿ, ಚಿಕ್ಕದಿದ್ದರೆ "ಇರಲಿ, ನೋಡೋಣ". ಬೆಕ್ಕಿನ ವಿಷಯದಲ್ಲಿ ಈ ಲೆಕ್ಕ ಬಹುಪಾಲು ತಲೆಕೆಳಗು. ಒಂದು ವರ್ಷದ ಬೆಕ್ಕಿನ ಎಂಟೂ ಮೊಲೆ ನಿಂಬೆಹಣ್ಣಿನಷ್ಟು ಊದಿ ಜೋತಾಡುತ್ತಿದ್ದರೂ ಅದು ಕ್ಯಾನ್ಸರ್ ಆಗಿರುವ ಸಂಭವ ಕಡಿಮೆ. ಹತ್ತು ವರ್ಷದ ಬೆಕ್ಕಿನ ಒಂದೇ ಮೊಲೆಯ ಬುಡದಲ್ಲಿ ಹೆಸರುಕಾಳಿನಷ್ಟು ಗಟ್ಟಿ ಗಂಟು ಸಿಕ್ಕಿತೋ, ಅದನ್ನು ಕ್ಯಾನ್ಸರ್ ಎಂದೇ ತಿಳಿದು ಮುಂದುವರಿಯಬೇಕು.

ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಊದಿರುವುದು ಒಂದು ಮೊಲೆಯೋ, ಹಲವೋ? ಮುಟ್ಟಿದರೆ ಬಿಸಿಯೋ, ತಣ್ಣಗೋ? ಬೆಕ್ಕಿನ ವಯಸ್ಸೆಷ್ಟು? ಕೊನೆಯ ಸಲ ಬೆದೆಗೆ ಬಂದದ್ದು ಅಥವಾ ಮರಿ ಹಾಕಿದ್ದು ಯಾವಾಗ? ಬೆದೆ ತಡೆಯಲು ಹಾರ್ಮೋನ್ ಇಂಜೆಕ್ಷನ್ ಅಥವಾ ಮಾತ್ರೆ ಕೊಟ್ಟಿದ್ದಿದೆಯೇ? ಇಷ್ಟಕ್ಕೆ ಉತ್ತರ ಬರೆದುಕೊಂಡು ಹೋದರೆ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ.

ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೊತೆ, ಅಂದರೆ ಎಂಟು ಮೊಲೆ. ಮುಂಗಾಲಿನ ಕಂಕುಳ ಹತ್ತಿರದಿಂದ ಹಿಂದೆ ತೊಡೆಸಂದಿನವರೆಗೆ ಎಡಕ್ಕೊಂದು ಬಲಕ್ಕೊಂದು ಸಾಲು. ಪರೀಕ್ಷೆಗೆ ಬೆಕ್ಕನ್ನು ಅಂಗಾತ ಮಲಗಿಸಿ ಒದ್ದಾಡಿಸಬೇಕಾಗಿಲ್ಲ; ನಿಂತಿರುವಾಗಲೇ ಹಿಂದಿನಿಂದ ಎರಡೂ ಕೈ ಹೊಟ್ಟೆಯ ಕೆಳಗೆ ಹಾಕಿದರೆ ಸಾಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪ್ರತಿ ತೊಟ್ಟಿನ ಬುಡದ ಚರ್ಮವನ್ನು ಮೆಲ್ಲಗೆ ಹಿಡಿದು ಉರುಳಿಸಿ ನೋಡಿ. ಆಮೇಲೆ ಎರಡು ತೊಟ್ಟುಗಳ ನಡುವಿನ ಜಾಗ, ಕೊನೆಗೆ ಕಂಕುಳು ಮತ್ತು ತೊಡೆಸಂದು. ಹಾಲೂಡಿಸದ ಬೆಕ್ಕಿನಲ್ಲಿ ಚರ್ಮ, ಸ್ವಲ್ಪ ಮೆತ್ತನೆ ಕೊಬ್ಬು ಬಿಟ್ಟರೆ ಬೇರೇನೂ ಸಿಗಬಾರದು. ಮೊದಲ ಸಲ ನೋಡುವವರು ಮೂರು ಕಡೆ ಏಮಾರುತ್ತಾರೆ: ಎದೆಮೂಳೆಯ ತುದಿಯ ಮೆದುಮೂಳೆ, ಪಕ್ಕೆಲುಬು ಮೆದುಮೂಳೆಗೆ ಸೇರುವ ಸಣ್ಣ ಗಿಣ್ಣುಗಳು, ತೊಡೆಸಂದಿನ ಕೊಬ್ಬಿನ ಮೆತ್ತೆ. ಇವು ಎಡಬಲ ಒಂದೇ ಥರ ಇರುತ್ತವೆ ಅಥವಾ ನಟ್ಟನಡುವೆ ಇರುತ್ತವೆ. ಗಂಟು ಹಾಗಲ್ಲ, ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಏನಾದರೂ ಸಿಕ್ಕರೆ ಎಡ 3 ಅಥವಾ ಬಲ 2 ಎಂದು ಮುಂದಿನಿಂದ ಎಣಿಸಿ, ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು ತಾರೀಕು ಸಮೇತ ಬರೆದಿಡಿ. ತೊಟ್ಟು ಹಿಂಡಿ ಹಾಲು ಬರುತ್ತದೆಯೇ ಎಂದು ದಿನಾ ನೋಡುವ ಚಪಲ ಬೇಡ. ಹಿಂಡಿದಷ್ಟೂ ಗ್ರಂಥಿ ಹಾಲು ಉತ್ಪಾದಿಸುತ್ತದೆ.

ಊತವೆಲ್ಲ ರೋಗವೂ ಅಲ್ಲ. ಗಬ್ಬ ನಿಂತ ಸುಮಾರು ಮೂರನೇ ವಾರದಲ್ಲಿ ತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತವೆ. ಬೆಕ್ಕಿನ ಗಬ್ಬದ ಅವಧಿ ಸುಮಾರು 63ರಿಂದ 67 ದಿನ. ಗ್ರಂಥಿಗಳು ನಿಜವಾಗಿ ತುಂಬಿಕೊಳ್ಳುವುದು ಕೊನೆಯ ವಾರದಲ್ಲಿ. ಮರಿ ಹಾಕಿದ ಮೇಲೆ ಎಲ್ಲ ಮೊಲೆಯೂ ಸಮನಾಗಿ ಮೆತ್ತಗೆ, ಬೆಚ್ಚಗೆ, ನೋವಿಲ್ಲದೆ ಇರಬೇಕು. ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತಮ್ಮ ತಮ್ಮ ತೊಟ್ಟನ್ನು ಗುರುತಿಟ್ಟುಕೊಂಡು ಅದಕ್ಕೇ ಬಾಯಿ ಹಾಕುತ್ತವೆ. ಎರಡೇ ಮರಿ ಇದ್ದರೆ ಉಳಿದ ಮೊಲೆಗಳಲ್ಲಿ ಹಾಲು ಕಟ್ಟಿಕೊಂಡು ಬಿಗಿಯುವುದು ಇದರಿಂದಲೇ. ಕಟ್ಟಿದ ಹಾಲಿನ ಮೊಲೆ ಬಿಗಿ, ಸ್ವಲ್ಪ ನೋವು. ಆದರೆ ಬೆಕ್ಕು ತಿನ್ನುತ್ತದೆ, ಓಡಾಡುತ್ತದೆ, ಜ್ವರವಿಲ್ಲ. ಯಾರೂ ಬಾಯಿ ಹಾಕದ ಮೊಲೆ ಕೆಲವು ದಿನಗಳಲ್ಲಿ ತಾನಾಗಿ ಬತ್ತುತ್ತದೆ. ಮರಿ ಕುಡಿಯುತ್ತಿರುವ ಮೊಲೆಯೇ ಬಿಗಿದಿದ್ದರೆ ಬೆಚ್ಚನೆ ನೀರಲ್ಲಿ ಹಿಂಡಿದ ಬಟ್ಟೆಯಿಂದ ಐದು ನಿಮಿಷ ಶಾಖ ಕೊಟ್ಟು ಮರಿಯನ್ನು ಅದಕ್ಕೇ ಹಚ್ಚಿ.

ಹಾಲು ಬಿಡಿಸುವಾಗಲೂ ಇದೇ ತೊಂದರೆ. ಮರಿಗಳನ್ನು ಒಂದೇ ದಿನ ಬೇರೆ ಮಾಡಿದರೆ ತಾಯಿಯ ಮೊಲೆ ಕಲ್ಲಾಗುತ್ತದೆ. ನಾಲ್ಕನೇ ವಾರದಿಂದ ಮರಿಗಳಿಗೆ ಮೆತ್ತನೆ ಆಹಾರ ರೂಢಿಸುತ್ತಾ ಬಂದು, ಆರರಿಂದ ಎಂಟನೇ ವಾರದೊಳಗೆ ಹಾಲು ನಿಲ್ಲಿಸುವುದು ಸರಿಯಾದ ದಾರಿ. ಹಾಲೂಡಿಸುವ ತಾಯಿ ಮಾಮೂಲಿನ ಎರಡು ಮೂರು ಪಟ್ಟು ತಿನ್ನುತ್ತಿರುತ್ತಾಳೆ. ಅದನ್ನು ಮೆಲ್ಲಗೆ ಇಳಿಸಿದರೆ ಹಾಲೂ ಇಳಿಯುತ್ತದೆ. ಹಾಲು ಬತ್ತಿಸಲು ಪೂರ್ತಿ ಉಪವಾಸ ಕೆಡವುವ ಹಳೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬೆಕ್ಕು ದಿನಗಟ್ಟಲೆ ತಿನ್ನದಿದ್ದರೆ ಲಿವರಿಗೆ ಕೊಬ್ಬು ನುಗ್ಗುತ್ತದೆ, ದಪ್ಪ ಬೆಕ್ಕಿಗಂತೂ ಅದು ಪ್ರಾಣಕ್ಕೇ ಬರುತ್ತದೆ.

ಕೆಚ್ಚಲುಬಾವು ಎಂಬುದನ್ನು ದನದ ವಿಷಯದಲ್ಲಿ ಕೇಳಿರುತ್ತೀರಿ. ಬೆಕ್ಕಿಗೂ ಅದೇ ಬರುತ್ತದೆ. ಕಟ್ಟಿಕೊಂಡ ಹಾಲಿಗೆ ತೊಟ್ಟಿನ ರಂಧ್ರದಿಂದಲೋ ಮರಿಗಳ ಉಗುರಿನ ಗೀರಿನಿಂದಲೋ ಬ್ಯಾಕ್ಟೀರಿಯಾ ಸೇರುತ್ತದೆ, ಇ. ಕೋಲಿ, ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಸಾಮಾನ್ಯ ಅಪರಾಧಿಗಳು. ಒಂದೋ ಎರಡೋ ಮೊಲೆ ಕೆಂಪಾಗಿ ಅಥವಾ ನೇರಳೆಗಟ್ಟಿ, ಬಿಸಿಯಾಗಿ, ಮುಟ್ಟಿದರೆ ಬೆಕ್ಕು ಉಸ್ ಎನ್ನುವಷ್ಟು ನೋಯುತ್ತದೆ. ಅನುಮಾನವಿದ್ದರೆ ಒಂದೇ ಒಂದು ಹನಿ ಹಾಲನ್ನು ಬಿಳಿ ತಟ್ಟೆಯ ಮೇಲೆ ಬೀಳಿಸಿ, ಪಕ್ಕದಲ್ಲೇ ಆರೋಗ್ಯವಾದ ಮೊಲೆಯ ಹನಿಯನ್ನೂ ಬೀಳಿಸಿ. ಒಳ್ಳೆಯ ಹಾಲು ತೆಳ್ಳಗೆ ಬೆಳ್ಳಗೆ ಹರಡುತ್ತದೆ. ಬಾವಿನ ಹಾಲು ಹಳದಿ, ಕಂದು ಅಥವಾ ರಕ್ತದ ಬಣ್ಣಕ್ಕಿರುತ್ತದೆ, ನೂಲುನೂಲಾಗಿ ಎಳೆಯುತ್ತದೆ, ಇಲ್ಲವೇ ಹೆಪ್ಪುಗಳಿರುತ್ತವೆ. ಬೆಕ್ಕಿನ ಮಾಮೂಲು ಉಷ್ಣತೆ 38.0ರಿಂದ 39.2 ಡಿಗ್ರಿ ಸೆಲ್ಸಿಯಸ್, 39.5 ದಾಟಿ ಊಟವೂ ಬಿಟ್ಟಿದ್ದರೆ ಅವತ್ತೇ ವೈದ್ಯರಲ್ಲಿಗೆ.

ಬಾವಿನ ಸುಳಿವನ್ನು ತಾಯಿಗಿಂತ ಮೊದಲು ಮರಿಗಳು ಕೊಡುತ್ತವೆ. ಹುಟ್ಟಿದಾಗ ಸುಮಾರು 90ರಿಂದ 110 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ದಿನಾ ಒಂದೇ ಹೊತ್ತಿಗೆ ತೂಗಿದರೆ, ಯಾವ ಮರಿ ಇಪ್ಪತ್ತನಾಲ್ಕು ಗಂಟೆ ನಿಂತಲ್ಲೇ ನಿಂತಿದೆ ಎಂಬುದು ಗೊತ್ತಾಗುತ್ತದೆ. ಆ ಮರಿ ಯಾವ ತೊಟ್ಟಿಗೆ ಹೋಗುತ್ತದೋ ಅದನ್ನು ಮುಟ್ಟಿ ನೋಡಿ.

ಚಿಕಿತ್ಸೆಯಲ್ಲಿ ಆಂಟಿಬಯೋಟಿಕ್ ಮುಖ್ಯ, ಆದರೆ ಮರಿ ಕುಡಿಯುತ್ತಿರುವಾಗ ಎಲ್ಲ ಆಂಟಿಬಯೋಟಿಕ್ ಆಗುವುದಿಲ್ಲ. ಟೆಟ್ರಾಸೈಕ್ಲಿನ್ ಗುಂಪಿನದು ಬೆಳೆಯುವ ಹಲ್ಲು ಮೂಳೆಗೆ ಕೂರುತ್ತದೆ, ಎನ್ರೋಫ್ಲಾಕ್ಸಾಸಿನ್ ಗುಂಪಿನದು ಮೆದುಮೂಳೆಗೆ ಒಳ್ಳೆಯದಲ್ಲ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನಿಕ್ ಆಮ್ಲ ಇರುವ ಔಷಧವನ್ನು ವೈದ್ಯರು ಹೆಚ್ಚಾಗಿ ಆಯ್ದುಕೊಳ್ಳುವುದು ಅದಕ್ಕೇ. ಮನೆಯಲ್ಲಿ ಮಾಡಬಹುದಾದದ್ದು ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಬೆಚ್ಚನೆ ಶಾಖ. ಬಟ್ಟೆ ನಿಮ್ಮ ಮುಂಗೈ ಒಳಭಾಗಕ್ಕೆ ಹಿತವಾಗಿರಬೇಕು, ಸುಡಬಾರದು. ಶಾಖದ ನಂತರ ಬುಡದಿಂದ ತೊಟ್ಟಿನ ಕಡೆ ಮೃದುವಾಗಿ ನೀವಿ ಕೆಟ್ಟ ಹಾಲು ಇಳಿಸಬೇಕು. ಹಾಲಿನ ಬಣ್ಣ ತೀರಾ ಕೆಟ್ಟಿರದಿದ್ದರೆ ಮರಿ ಕುಡಿಯುವುದೇ ಒಳ್ಳೆಯದು, ಮೊಲೆ ಖಾಲಿಯಾಗುತ್ತದೆ. ಕೀವು ಬರುತ್ತಿದ್ದರೆ, ಅಥವಾ ಚರ್ಮ ಕಪ್ಪಾಗಿ ತಣ್ಣಗಾಗಿ ವಾಸನೆ ಬಂದಿದ್ದರೆ ಆ ಮೊಲೆಗೆ ಮರಿ ಬಿಡಬಾರದು. ಕಪ್ಪು ಎಂದರೆ ಅಂಗಾಂಶ ಸತ್ತಿದೆ, ಕೊಯ್ದು ಶುಚಿ ಮಾಡಬೇಕು. ಆ ಮರಿಗಳಿಗೆ ಬೆಕ್ಕಿನ ಮರಿಗಳಿಗೆಂದೇ ಇರುವ ಹಾಲಿನ ಪುಡಿ ಕಲಸಿ, ಮೈ ಬಿಸಿಗೆ ತಂದು, ಮರಿಯನ್ನು ಹೊಟ್ಟೆ ಕೆಳಗಾಗಿ ಇಟ್ಟುಕೊಂಡು ಕುಡಿಸಿ. ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಎಳೆ ಮರಿಗೆ ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 4 ಮಿಲಿಲೀಟರ್. ಅದಕ್ಕಿಂತ ಹೆಚ್ಚು ಹೊಟ್ಟೆ ಹಿಡಿಯುವುದಿಲ್ಲ.

ನೋವಿಗೆಂದು ಮನುಷ್ಯರ ಮಾತ್ರೆ ಕೊಡುವುದು ಇಲ್ಲಿ ಆಗುವ ಅತಿ ದೊಡ್ಡ ಅನಾಹುತ. ಪ್ಯಾರಸಿಟಮಾಲನ್ನು ಕರಗಿಸುವ ಕಿಣ್ವ ಬೆಕ್ಕಿನ ಲಿವರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 500 ಮಿಲಿಗ್ರಾಂನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಒಸಡು ಕಂದು ನೀಲಿಗೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ಮೊಲೆಗೆ ಮುಲಾಮು ಹಚ್ಚಿದರೆ ತಾಯಿ ನೆಕ್ಕುತ್ತಾಳೆ, ಮರಿಗಳು ನುಂಗುತ್ತವೆ.

ಇನ್ನು ಆ ಭಯಾನಕವಾಗಿ ಕಾಣುವ ಊತ. ಫೈಬ್ರೊಅಡಿನೊಮ್ಯಾಟಸ್ ಹೈಪರ್‌ಪ್ಲೇಸಿಯಾ ಎಂದು ಉದ್ದದ ಹೆಸರು. ಗಬ್ಬ ಕಾಪಾಡುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಗ್ರಂಥಿ ಅತಿಯಾಗಿ ಸ್ಪಂದಿಸಿ ಬೆಳೆಯುವುದು. ಸಾಮಾನ್ಯವಾಗಿ ಎರಡು ವರ್ಷದೊಳಗಿನ ಹೆಣ್ಣು, ಬೆದೆ ಮುಗಿದು ಒಂದೆರಡು ವಾರ. ಹಲವು ಮೊಲೆಗಳು, ಎಷ್ಟೋ ಸಲ ಎಂಟೂ, ದಿನದಿಂದ ದಿನಕ್ಕೆ ಉಬ್ಬುತ್ತವೆ. ಗಟ್ಟಿಯಾಗಿರುತ್ತವೆ, ಹಾಲಿರುವುದಿಲ್ಲ, ಜ್ವರವಿರುವುದಿಲ್ಲ. "ನಮ್ಮ ಬೆಕ್ಕು ಗಂಡಿನ ಹತ್ತಿರ ಹೋಗಿಯೇ ಇಲ್ಲ" ಎಂಬ ಮಾತಿನಿಂದ ಇದು ತಳ್ಳಿಹೋಗುವುದಿಲ್ಲ. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಕೂಡಿದ ಮೇಲೆಯೇ ಆದರೂ ಕೆಲವು ಬೆಕ್ಕುಗಳಲ್ಲಿ ಕೂಡದೆಯೂ ಆಗುತ್ತದೆ. ಅಲ್ಲಿಂದ ಆರು ವಾರದ ಹತ್ತಿರ ಪ್ರೊಜೆಸ್ಟರಾನ್ ಮೇಲೇ ಇರುತ್ತದೆ. ಮರಿಯಿಲ್ಲದೆ ಮೊಲೆ ತುಂಬುವ ಸುಳ್ಳು ಗಬ್ಬಕ್ಕೂ ಕಾರಣ ಇದೇ, ಆದರೆ ಅದು ಸೌಮ್ಯ, ತಾನಾಗಿ ಇಳಿಯುತ್ತದೆ.

ಇನ್ನೊಂದು ದಾರಿ ನಾವೇ ಮಾಡಿಕೊಡುವುದು: ಬೆದೆ ನಿಲ್ಲಿಸಲು ಕೊಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ ಇಂಜೆಕ್ಷನ್, ಮೆಜೆಸ್ಟ್ರಾಲ್ ಮಾತ್ರೆ. ಇವುಗಳಿಂದ ಸಂತಾನಹರಣ ಆಪರೇಷನ್ ಆದ ಹೆಣ್ಣಿಗೂ, ಗಂಡು ಬೆಕ್ಕಿಗೂ ಮೊಲೆ ಊದುತ್ತದೆ. ಗರ್ಭಕೋಶದಲ್ಲಿ ಕೀವು, ಸಕ್ಕರೆ ಕಾಯಿಲೆ, ಮುಂದೆ ಸ್ತನದ ಗಡ್ಡೆಯ ಅಪಾಯವೂ ಇದೆ. ಶಸ್ತ್ರಚಿಕಿತ್ಸೆ ಸಾಧ್ಯವಿರುವ ಕಡೆ ಈ ಇಂಜೆಕ್ಷನ್ನಿಗೆ ಸಮರ್ಥನೆಯೇ ನನಗೆ ಕಾಣುವುದಿಲ್ಲ.

ಕ್ಯಾನ್ಸರ್ ಎಂದುಕೊಂಡು ಇಂಥ ಎಳೆ ಬೆಕ್ಕಿನ ಮೊಲೆಗಳನ್ನೆಲ್ಲ ಕತ್ತರಿಸುವುದಾಗಲಿ, ಆಸೆ ಬಿಡುವುದಾಗಲಿ ತಪ್ಪು. ಪ್ರೊಜೆಸ್ಟರಾನ್ ಮೂಲ ಕಡಿದರೆ ಊತ ವಾರಗಳಲ್ಲಿ ಇಳಿಯುತ್ತದೆ. ಅಂಡಾಶಯ ತೆಗೆಯುವುದು ಒಂದು ದಾರಿ. ಹೊಟ್ಟೆಯ ನಡುಗೆರೆಯಲ್ಲಿ ಊದಿದ ಗ್ರಂಥಿ ಅಡ್ಡ ಬರುವುದರಿಂದ ಪಕ್ಕೆಯ ಕಡೆಯಿಂದ ಕೊಯ್ಯುತ್ತಾರೆ. ಇನ್ನೊಂದು, ಅಗ್ಲೆಪ್ರಿಸ್ಟೋನ್ ಎಂಬ ಪ್ರೊಜೆಸ್ಟರಾನ್ ತಡೆಯುವ ಇಂಜೆಕ್ಷನ್: ಕಿಲೋಗೆ 10 ಮಿಲಿಗ್ರಾಂನಂತೆ ಸತತ ಎರಡು ದಿನ, ಬೇಕಿದ್ದರೆ ವಾರಕ್ಕೊಮ್ಮೆ ಮತ್ತೆ. ಗಬ್ಬವಿದ್ದರೆ ಅದು ಹೋಗುತ್ತದೆ ಎಂಬುದು ನೆನಪಿರಲಿ. ಊತಕ್ಕೆ ಕಾರಣ ನಿಧಾನವಾಗಿ ಕರಗುವ ಹಾರ್ಮೋನ್ ಇಂಜೆಕ್ಷನ್ ಆಗಿದ್ದರೆ ಅದರ ಪ್ರಭಾವ ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಅಲ್ಲಿಯವರೆಗೆ ಚರ್ಮ ಒಡೆಯದಂತೆ ನೋಡಿಕೊಳ್ಳುವುದೇ ಕೆಲಸ: ಮೆತ್ತನೆ ಹಾಸಿಗೆ, ನೆಕ್ಕದಂತೆ ತಲೆಯ ಸುತ್ತ ಲಾಳಿಕೆಯ ಹಾಗೆ ನಿಲ್ಲುವ ಕೊರಳಪಟ್ಟಿ.

ಗಡ್ಡೆಯ ಮಾತು ಬೇರೆಯೇ. ಬೆಕ್ಕಿನ ಸ್ತನದ ಗಡ್ಡೆಗಳಲ್ಲಿ ಶೇಕಡ 80ರಿಂದ 90ರಷ್ಟು ಕ್ಯಾನ್ಸರ್. ಬರುವ ವಯಸ್ಸು ಹೆಚ್ಚಾಗಿ 10ರಿಂದ 12. ಸಯಾಮೀ ತಳಿಯಲ್ಲಿ ಅಪಾಯ ಹೆಚ್ಚು, ಬರುವುದೂ ಇನ್ನೂ ಬೇಗ. ಗಂಡಿಗೂ ಬರುತ್ತದೆ, ಅಪರೂಪಕ್ಕೆ. ಕೈಗೆ ಹೇಗೆ ಸಿಗುತ್ತದೆ ಎಂದರೆ, ಚರ್ಮದಡಿ ಅಕ್ಕಿಕಾಳು ಅಥವಾ ಕಡಲೆಯಷ್ಟು, ಗಡುಸಾಗಿ, ಅಂಚು ಗಂಟುಗಂಟಾಗಿ. ಒಂದೇ ಸಾಲಿನಲ್ಲಿ ಎರಡು ಮೂರು ಇರುವುದೂ ಉಂಟು. ಮೊದಮೊದಲು ನೋವಿಲ್ಲ. ಬೆಕ್ಕು ಒಂದೇ ಜಾಗ ನೆಕ್ಕಿ ನೆಕ್ಕಿ ಕೂದಲುದುರಿದ್ದು ಮೊದಲು ಕಣ್ಣಿಗೆ ಬೀಳಬಹುದು. ಹುಣ್ಣಾಗಿ ಒಸರುವ ಹೊತ್ತಿಗೆ ತಡವಾಗಿರುತ್ತದೆ.

ಇಲ್ಲಿ ಸೆಂಟಿಮೀಟರ್ ಲೆಕ್ಕ ನಿಷ್ಠುರ. ಗಡ್ಡೆ 2 ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ತೆಗೆದ ಬೆಕ್ಕುಗಳು ಮೂರು ವರ್ಷಕ್ಕೂ ಮೇಲೆ ಬದುಕುವುದು ಸಾಮಾನ್ಯ. 3 ದಾಟಿದ ಮೇಲೆ ಹೆಚ್ಚಿನವಕ್ಕೆ ಉಳಿಯುವುದು ತಿಂಗಳುಗಳು. "ಎರಡು ತಿಂಗಳು ನೋಡೋಣ" ಎಂಬ ಸಲಹೆಯ ಬೆಲೆ ಅಷ್ಟು. ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ ಇದು ಬಾವೋ ಬೇರೆ ಥರದ ಗಡ್ಡೆಯೋ ಎಂದು ಹೇಳಲು ಉಪಯೋಗ, ಆದರೆ ಅದರಲ್ಲಿ ಏನೂ ಸಿಗಲಿಲ್ಲವೆಂದು ನಿರಾಳವಾಗುವ ಹಾಗಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಎದೆಯ ಎಕ್ಸ್‌ರೇ ಮೂರು ಕೋನದಿಂದ ಆಗಬೇಕು, ಏಕೆಂದರೆ ಇದು ಹರಡುವುದು ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್; ಹಾಲಿನ ಗ್ರಂಥಿಯಲ್ಲ), ಅಲ್ಲಿಂದ ಶ್ವಾಸಕೋಶಕ್ಕೆ. ಗಂಟೊಂದನ್ನೇ ಕಿತ್ತು ಹೊಲಿಗೆ ಹಾಕಿದರೆ ಅದೇ ಜಾಗದಲ್ಲಿ ಮತ್ತೆ ಬರುವ ಸಂಭವ ಹೆಚ್ಚು. ಹಾಗಾಗಿ ಆ ಬದಿಯ ನಾಲ್ಕೂ ಮೊಲೆಯ ಸಾಲನ್ನು ತೊಡೆಸಂದಿನ ದುಗ್ಧಗ್ರಂಥಿ ಸಮೇತ ತೆಗೆಯುತ್ತಾರೆ; ಇನ್ನೊಂದು ಬದಿಯೂ ಬೇಕಿದ್ದರೆ ಚರ್ಮ ಸಡಿಲಾಗಲು ಕೆಲವು ವಾರ ಬಿಟ್ಟು ಎರಡನೇ ಸಲ. ತೆಗೆದ ಭಾಗವೆಲ್ಲ ಹಿಸ್ಟೊಪೆಥಾಲಜಿಗೆ, ಅಂದರೆ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಹೋಗಲೇಬೇಕು.

2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳೊಳಗೆ ಸಂತಾನಹರಣ ಆದ ಹೆಣ್ಣುಬೆಕ್ಕುಗಳಲ್ಲಿ ಸ್ತನ ಕ್ಯಾನ್ಸರಿನ ಅಪಾಯ ಶೇಕಡ 91ರಷ್ಟು, ಒಂದು ವರ್ಷದೊಳಗೆ ಆದವುಗಳಲ್ಲಿ 86ರಷ್ಟು ಕಡಿಮೆಯಿತ್ತು. ಎರಡು ವರ್ಷ ದಾಟಿದ ಮೇಲೆ ಮಾಡಿಸಿದರೆ ಈ ಲಾಭ ಸಿಗಲಿಲ್ಲ. "ಆಪರೇಷನ್ ಆಗಿದೆಯಲ್ಲ" ಎನ್ನುವವರು ಯಾವ ವಯಸ್ಸಿಗೆ ಆಯಿತು ಎಂದೂ ನೆನಪಿಸಿಕೊಳ್ಳಬೇಕು.

ಸಾಲು ತೆಗೆದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಕೊರಳಪಟ್ಟಿ ಬಿಚ್ಚುವಂತಿಲ್ಲ. ಗಾಯದಡಿ ಮೆತ್ತನೆ ನೀರಿನ ಚೀಲದಂಥ ಉಬ್ಬು ಬಂದರೆ ಅದು ಹೆಚ್ಚಾಗಿ ಶೇಖರವಾದ ದ್ರವ, ನೀವೇ ಚುಚ್ಚಬೇಡಿ, ವೈದ್ಯರಿಗೆ ತೋರಿಸಿ. ಹೊಲಿಗೆ ಬಿಚ್ಚಿದ ಮೇಲೆ ತಿಂಗಳಿಗೊಮ್ಮೆ ಕಲೆಯ ಗೆರೆಯುದ್ದಕ್ಕೂ ಬೆರಳಾಡಿಸಿ, ಉಳಿದ ಸಾಲನ್ನೂ ಕಂಕುಳನ್ನೂ ನೋಡಿ. ಕಲೆ ಸ್ವತಃ ಮೊದಲ ಕೆಲವು ವಾರ ಹುರಿಯಂತೆ ಗಟ್ಟಿಯಾಗಿರುತ್ತದೆ, ಬರಬರುತ್ತಾ ಮೆತ್ತಗಾಗುತ್ತದೆ. ಮೆತ್ತಗಾದ ಗೆರೆಯಲ್ಲಿ ಒಂದು ಕಡೆ ಮಾತ್ರ ಮತ್ತೆ ಗಡುಸು ಸಿಕ್ಕರೆ ಅಂದೇ ಅಳೆದು ಬರೆದಿಡಿ, ಆ ವಾರವೇ ತೋರಿಸಿ.