ಜಾದೂ ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ?

ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರು ಕೇಳುತ್ತಾರೆ, ಹೆಣ್ಣು ಕೊಡುವ ಮೊದಲು ನಮ್ಮ ಮಾವನವರೂ ಕೇಳಿದ್ದರು: "ಜಾದೂ ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತೀರಿ?" ಗಾಳಿಯಲ್ಲಿ ನಾಣ್ಯ ಹಿಡಿಯುವವರಿಗೆ ದುಡಿಮೆ ಯಾಕೆ ಎಂದು ಕೆಲವರು ಜೊತೆಗೊಂದು ನಗೆಯನ್ನೂ ಸೇರಿಸುತ್ತಾರೆ. ಇಪ್ಪತ್ತು ವರ್ಷಗಳಿಂದ ಅದೇ ಹಾಸ್ಯ. ನಾನೂ ಮೊದಲ ಸಲ ಕೇಳಿದವನಂತೆ ನಗುತ್ತೇನೆ. ಅದೂ ಕಸುಬಿನ ಭಾಗವೇ.

ಹೊಟ್ಟೆ ತುಂಬುವುದು ಜಾದೂವಿನಿಂದಲೇ. ಆದರೆ ಹಿರಿಯರ ಕಣ್ಣಲ್ಲಿ ಇನ್ನೂ ಆ ಕಾಲದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ ಕುಳಿತಿದ್ದಾರೆ: ಪೇಟ, ಜರತಾರಿ ಅಂಗಿ, ದೊಡ್ಡ ತಂಡ, ಟಿಕೆಟ್ಟಿಗೆ ಸರತಿ ಸಾಲು. ನಾನೂ ಒಮ್ಮೆ ಟಿಕೆಟ್ ಇಟ್ಟು ನೋಡಿದೆ. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ದೀಪ, ಭಿತ್ತಿಪತ್ರ, ಇಬ್ಬರು ಸಹಾಯಕರ ಊಟ ಮತ್ತು ಬಸ್ ಚಾರ್ಜು ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಹರಿಯದ ಟಿಕೆಟ್ ಪುಸ್ತಕಗಳು.

ಈಗ ನನ್ನ ವರಮಾನ ಋತುಮಾನ ನೋಡಿಕೊಂಡು ಬರುತ್ತದೆ. ಗಣೇಶೋತ್ಸವಕ್ಕೆ ಶುರುವಾಗಿ, ನವೆಂಬರಿನ ರಾಜ್ಯೋತ್ಸವಗಳನ್ನು ದಾಟಿ, ಡಿಸೆಂಬರ್-ಜನವರಿಯ ಶಾಲಾ ವಾರ್ಷಿಕೋತ್ಸವಗಳಲ್ಲಿ ತುಂಬಿ ಹರಿಯುತ್ತದೆ. ಮಾರ್ಚಿನಲ್ಲಿ ಪರೀಕ್ಷೆ, ಬರ. ಏಪ್ರಿಲ್-ಮೇ ತಿಂಗಳಲ್ಲಿ ಬೇಸಿಗೆ ಶಿಬಿರ. ಆಷಾಢದಲ್ಲಿ ಪೆಟ್ಟಿಗೆಯ ತುಕ್ಕು ತಿಕ್ಕುತ್ತ, ರೇಷ್ಮೆ ಕರವಸ್ತ್ರಗಳಿಗೆ ಇಸ್ತ್ರಿ ಹಾಕುತ್ತ ಕೂರುತ್ತೇನೆ. ಹುಟ್ಟುಹಬ್ಬಗಳು ಮಾತ್ರ ವರ್ಷವಿಡೀ ಬರುತ್ತವೆ. ಮನೆ ಬಾಡಿಗೆ ಕಟ್ಟುವುದು ಅವೇ. ಪಾರಿವಾಳ ಇದೆಯೇ ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ. ಇಲ್ಲ. ಪ್ರದರ್ಶನಕ್ಕೆ ಪ್ರಾಣಿಗಳನ್ನು ಬಳಸುವವರು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಇದೆ. ಅದಕ್ಕಿಂತ ಹೆಚ್ಚಾಗಿ, ಬಾಡಿಗೆ ಮನೆಯಲ್ಲಿ ಪಾರಿವಾಳ ಸಾಕಿದರೆ ಮಾಲೀಕರು ನನ್ನನ್ನೇ ಮಾಯ ಮಾಡುತ್ತಾರೆ.

ಕರೆಸುವವರಿಗೆ ನಿಜವಾಗಿ ಬೇಕಾದದ್ದು ಹೊತ್ತು ತುಂಬುವ ಒಬ್ಬ ಮನುಷ್ಯ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕೇಕ್ ಇನ್ನೂ ಬೇಕರಿಯಲ್ಲಿದೆ, ಶಾಸಕರು ಇನ್ನೂ ದಾರಿಯಲ್ಲಿದ್ದಾರೆ. ಪರದೆಯ ಸಂದಿನಿಂದ ಒಂದು ಚೀಟಿ ಬರುತ್ತದೆ: "ಇನ್ನೂ 10 ನಿಮಿಷ." ನನ್ನ ಉಕ್ಕಿನ ಬಳೆಗಳ ಆಟ ನಾಲ್ಕು ನಿಮಿಷದ್ದು. ಅದನ್ನು ಎಳೆಯುವ ಬಗೆ ಹೀಗೆ: ಒಬ್ಬ ಹುಡುಗನನ್ನು ವೇದಿಕೆಗೆ ಕರೆದು ಒಂದೊಂದೇ ಬಳೆಯನ್ನು ಅವನ ಕೈಗೆ ಕೊಡಬೇಕು. ಎಲ್ಲಾದರೂ ಬಿರುಕು ಇದೆಯೇ? ಇಲ್ಲ. ಎಷ್ಟನೇ ತರಗತಿ? ಐದು, ಬಿ ವಿಭಾಗ. ಅಷ್ಟಕ್ಕೇ ಐದನೇ ಬಿ ಇಡೀ ಅರಚುತ್ತದೆ. ಎ ವಿಭಾಗ ಸುಮ್ಮನಿದ್ದೀತೇ? ಅಲ್ಲಿಂದಲೂ ಒಬ್ಬ ಬರಬೇಕು. ಎರಡು ಬಳೆ ಕೂಡಿಕೊಳ್ಳುವ ಹೊತ್ತಿಗೆ ಏಳು ನಿಮಿಷ ಕಳೆದಿರುತ್ತದೆ, ನಾನಿನ್ನೂ ಕೈಚಳಕವನ್ನೇ ತೋರಿಸಿರುವುದಿಲ್ಲ. ಸಂಭಾವನೆಯಲ್ಲಿ ಮುಕ್ಕಾಲು ಪಾಲು ಈ ವಿದ್ಯೆಗೆ ಬರುತ್ತದೆಂದು ನನ್ನ ಲೆಕ್ಕ.

ಎಳೆಯುವುದು ಕಲಿತೆ. ನಡುವೆ ಕತ್ತರಿಸಿದರೆ ಏನು ಮಾಡಬೇಕೆಂದು ಮಾತ್ರ ಇನ್ನೂ ಕಲಿತಿಲ್ಲ. 1956ರ ಏಪ್ರಿಲಿನಲ್ಲಿ ಬಿಬಿಸಿ ದೂರದರ್ಶನದ ನೇರ ಪ್ರಸಾರದಲ್ಲಿ ಸರ್ಕಾರ್ ತಮ್ಮ ಸಹಾಯಕಿಯನ್ನು ಗರಗಸದಿಂದ ಎರಡು ತುಂಡು ಮಾಡಿದರು. ಹುಡುಗಿ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಅವಧಿ ಮುಗಿದುಹೋಯಿತು. ಆಕೆ ಸತ್ತೇಹೋದಳೆಂದು ಜನ ಕರೆ ಮಾಡಿ ಮಾಡಿ ದೂರವಾಣಿ ಮಾರ್ಗವೇ ಕಟ್ಟಿಹೋಯಿತು. ಮರುದಿನ ಪತ್ರಿಕೆಗಳ ತುಂಬ ಅದೇ ಸುದ್ದಿ. ಲಂಡನ್ನಿನ ಪ್ರದರ್ಶನಗಳಿಗೆ ಟಿಕೆಟ್ ಸಿಗದಂತಾಯಿತು.

ನನಗೂ ಅಂಥದೇ ಒಂದು ಸಂಜೆ ಒದಗಿತ್ತು. ಒಂದು ಶಾಲೆಯ ವಾರ್ಷಿಕೋತ್ಸವ. ಮುಖ್ಯೋಪಾಧ್ಯಾಯರಿಂದ ಐನೂರರ ನೋಟು ಪಡೆದು, ಅದರ ಮೇಲೆ ಅವರ ಸಹಿ ಹಾಕಿಸಿ, ಎಲ್ಲರೆದುರು ಮಾಯ ಮಾಡಿದೆ. ಮೇಜಿನ ಮೇಲಿದ್ದ ನಿಂಬೆಹಣ್ಣನ್ನು ಕೊಯ್ದರೆ ಆ ನೋಟು ಹೊರಬರಬೇಕು. ಚಾಕು ಎತ್ತಿಕೊಳ್ಳುವಷ್ಟರಲ್ಲಿ ಗೇಟಿನ ಬಳಿ ಡೊಳ್ಳು ಬಡಿಯಿತು, ಮುಖ್ಯ ಅತಿಥಿ ಬಂದರು, ನಿರೂಪಕಿ ಮೈಕ್ ಕಿತ್ತುಕೊಂಡರು. ಹಾರ, ಶಾಲು, ಫಲತಾಂಬೂಲದ ಗದ್ದಲದಲ್ಲಿ ನಮ್ಮನ್ನೂ ಮೇಜನ್ನೂ ಹಿಂದಕ್ಕೆ ತಳ್ಳಿದರು. ನಾವು ಸಾಮಾನು ಕಟ್ಟಿಕೊಂಡು ಕೊನೆಯ ಬಸ್ ಹಿಡಿದೆವು.

ಬೆಳಿಗ್ಗೆ ಮುಖ್ಯೋಪಾಧ್ಯಾಯರ ಫೋನ್.

"ಜಾದೂಗಾರರೇ, ನಮ್ಮ ನೋಟು?"

"ಸರ್, ಆ ನಿಂಬೆಹಣ್ಣು ಕೊಯ್ದು ನೋಡಿ. ನಿಮ್ಮ ಸಹಿ ಸಮೇತ ಅದರಲ್ಲೇ ಇದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ವಿಷಯ ಹೊರಬಂತು. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆ ಗುಡಿಸಲು ಬಂದ ಆಯಾ, ಮೂಲೆಯಲ್ಲಿ ಒಂಟಿ ನಿಂಬೆಹಣ್ಣು ಕಂಡು ಯಾರೋ ಮಾಟ ಮಾಡಿಸಿದ್ದಾರೆಂದು ಹೆದರಿದ್ದರು. ಕೈಯಲ್ಲಿ ಮುಟ್ಟದೆ ಮೊರದಲ್ಲಿ ತೆಗೆದುಕೊಂಡು ಹೋಗಿ, ಮೂರು ದಾರಿ ಕೂಡುವಲ್ಲಿ ಎಸೆದು, ಹಿಂದಿರುಗಿ ನೋಡದೆ ಬಂದಿದ್ದರು. ಜವಾನನನ್ನು ಕಳುಹಿಸಿ ಹುಡುಕಿಸುವ ಹೊತ್ತಿಗೆ ಅದರ ಮೇಲೆ ಎಷ್ಟು ಲಾರಿ ಹರಿದಿದ್ದವೋ.

ಎರಡು ವಾರ ಬಿಟ್ಟು ಸಂಭಾವನೆಯ ಚೆಕ್ ಬಂತು. ಮಾತಾಡಿದ ಮೊತ್ತಕ್ಕಿಂತ ಐನೂರು ರೂಪಾಯಿ ಕಡಿಮೆ ಇತ್ತು. ನಾನೇನೂ ಕೇಳಲಿಲ್ಲ. ಈಗ ಅದೇ ಆಟವನ್ನು ಕಿತ್ತಳೆ ಹಣ್ಣಿನಲ್ಲಿ ಮಾಡುತ್ತೇನೆ. ಬಿಟ್ಟುಹೋದರೂ ಯಾರಾದರೂ ಸುಲಿದೇ ಸುಲಿಯುತ್ತಾರೆ.