ಎಷ್ಟು ಸೈಟೇಶನ್ ಇದ್ದರೆ ಗ್ರೀನ್ ಕಾರ್ಡ್ ಸಿಗುತ್ತೆ?

ಅಮೆರಿಕದಲ್ಲಿ ಪೋಸ್ಟ್‌ಡಾಕ್ ಮಾಡುವ ನಮ್ಮವರು ಮೊದಲು ಕೇಳೋದೇ ಈ ಪ್ರಶ್ನೆ. ಇಷ್ಟು ಸೈಟೇಶನ್ (ಬೇರೆಯವರ ಲೇಖನಗಳಲ್ಲಿ ನಿಮ್ಮ ಸಂಶೋಧನೆಯ ಉಲ್ಲೇಖ) ಬೇಕು ಅನ್ನೋ ಸಂಖ್ಯೆ ಕಾನೂನಿನಲ್ಲಿ ಎಲ್ಲೂ ಇಲ್ಲ. ಅಸಾಧಾರಣ ಸಾಮರ್ಥ್ಯ ಇರುವವರಿಗಾಗಿ ಇರುವ ಇಬಿ-1ಎ ಅನ್ನೋ ಗ್ರೀನ್ ಕಾರ್ಡ್ ವರ್ಗದ ಅರ್ಜಿಗೆ 10 ಮಾನದಂಡಗಳಲ್ಲಿ ಕನಿಷ್ಠ 3 ತೋರಿಸಬೇಕು, ನಿಜ. ಆದರೆ ಆಮೇಲೆ ಅಧಿಕಾರಿ ಎಲ್ಲವನ್ನೂ ಒಟ್ಟಿಗೆ ಇಟ್ಟು, ಈ ವ್ಯಕ್ತಿ ನಿಜಕ್ಕೂ ತನ್ನ ಕ್ಷೇತ್ರದ ಮುಂಚೂಣಿಯಲ್ಲಿದ್ದಾರಾ ಅಂತ ನೋಡುತ್ತಾರೆ. ಹಾಗಾಗಿ ಬೇರೆ ಲ್ಯಾಬಿನವರು ನಿಮ್ಮ ವಿಧಾನ ಬಳಸಿ ಏನು ಮಾಡಿದರು ಅನ್ನೋದನ್ನು ಬಿಡಿಸಿ ಬರೆದ ಒಂದು ಪತ್ರ, ನಿಮ್ಮ ಗೈಡ್ ಸುಮ್ನೆ ಹೊಗಳಿದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಹೆಸರಾಂತ ಪ್ರಾಧ್ಯಾಪಕರು, ಸಂಶೋಧಕರಿಗಾಗಿ ಇರುವ ಇಬಿ-1ಬಿಗೆ ಕೆಲಸ ಕೊಡುವ ಸಂಸ್ಥೆ ಬೇಕು, 3 ವರ್ಷದ ಅನುಭವವೂ ಬೇಕು. ನ್ಯಾಷನಲ್ ಇಂಟರೆಸ್ಟ್ ವೇವರ್ (ದೇಶದ ಹಿತಕ್ಕಾಗಿ ಕೆಲಸ ಕೊಡುವ ಸಂಸ್ಥೆಯ ಷರತ್ತು ಬಿಡುವುದು) ಅರ್ಜಿಯನ್ನು ನೀವೇ ಹಾಕಬಹುದು. 2016ರ ಧನಸಾರ್ ಅನ್ನೋ ವಲಸೆ ಪ್ರಕರಣದ ತೀರ್ಪಿನ ಮೂರು ಅಂಶಗಳ ಮೇಲೆ ಅದನ್ನು ತೂಗುತ್ತಾರೆ. ಆದರೆ ಅದು ಇಬಿ-2 ಅನ್ನೋ ಎರಡನೇ ಆದ್ಯತೆಯ ವರ್ಗಕ್ಕೆ ಸೇರಿದ್ದು. ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ, ಐ-140 ಅನ್ನೋ ಈ ಅರ್ಜಿ ಒಪ್ಪಿಗೆಯಾದ ಮೇಲೂ ಭಾರತದಲ್ಲಿ ಹುಟ್ಟಿದವರು ಹತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಗಿದೆ. ಒಂದೇ ಲ್ಯಾಬಿನಲ್ಲಿ, ಒಂದೇ ಕೆಲಸ ಮಾಡುವ ಇಬ್ಬರಿಗೆ ಹುಟ್ಟಿದ ದೇಶ ನೋಡಿ ಬೇರೆ ಬೇರೆ ಸಾಲು, ಇದು ಅನ್ಯಾಯ ಅಲ್ವಾ?

ಆದರೂ ಅರ್ಜಿ ತಡಮಾಡಬೇಡಿ. ಒಪ್ಪಿಗೆಯಾದ ಇಬಿ-2ರ ಪ್ರಯಾರಿಟಿ ಡೇಟನ್ನು (ಸಾಲಿನಲ್ಲಿ ನಿಮ್ಮ ಜಾಗ ತೋರಿಸುವ ದಿನಾಂಕ) ಮುಂದೆ ಇಬಿ-1ಕ್ಕೂ ಬಳಸಬಹುದು.